ಗೋಣಿಚೀಲದಲ್ಲಿ ರಾಜ

ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಕೈಯಲ್ಲಿ ಹಿಡಿದ ಅಕ್ಷರ ಮಸುಕಾಗುತ್ತದೆ. ಆಗ ಹಾಕಿಕೊಳ್ಳುವ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಮ್ಮ ಕಥಾನಾಯಕ ಅಂಥ ಕನ್ನಡಕಗಳನ್ನು ಮಾರುವವನು. ಸಾಲದ್ದಕ್ಕೆ ಸಂಗೀತದ ಹುಚ್ಚು ಹಿಡಿದದ್ದೂ ಅವನಿಗೆ ನಲವತ್ತು ದಾಟಿದ ಮೇಲೆಯೇ. ಹೀಗಾಗಿ ಬೀದಿಯವರೆಲ್ಲ ಅವನನ್ನು ಚಾಳೀಸು ಎಂದೇ ಕರೆಯುತ್ತಿದ್ದರು. ಅವನಿಗೆ ಬೇಸರವೇನೂ ಇರಲಿಲ್ಲ. ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರನ್ನು ಜನ ಇದಕ್ಕಿಂತ ಕೆಟ್ಟದಾಗಿ ಕರೆಯುತ್ತಿದ್ದರು.

ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟೊಂದನ್ನು ಏರಿಸಿ, ಗಾಜು ಬದಲಿಸುತ್ತ ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಎಂದು ಕೇಳುವುದು ಅವನ ಕೆಲಸ. ಇಡೀ ದಿನ ಬೇರೆಯವರಿಂದ ತೀರ್ಮಾನ ಮಾಡಿಸಿ ಮಾಡಿಸಿ ಸ್ವಂತಕ್ಕೊಂದು ತೀರ್ಮಾನ ಮಾಡುವ ಶಕ್ತಿಯನ್ನೇ ಅವನು ಕಳೆದುಕೊಂಡಿದ್ದ. ಮನೆಯಲ್ಲಿ ಕಾಫಿ ಬೇಕೋ ಚಹಾ ಬೇಕೋ ಎಂದರೆ "ಯಾವುದು ಹತ್ತಿರ ಇದೆಯೋ ಅದು" ಎನ್ನುತ್ತಿದ್ದ. ಇಂಥವನು ಜೀವನದಲ್ಲಿ ಒಂದೇ ಒಂದು ವಿಷಯದಲ್ಲಿ ಹಟ ಹಿಡಿದಿದ್ದ. ಅದು ಪ್ರೊಗ್ರೆಸಿವ್ ರಾಕ್.

ಹಾಗೆಂದರೇನು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನೇ ಒಂದು ದಿನ ಊಟದ ಹೊತ್ತಿಗೆ ವಿವರಿಸಿದ್ದ.

"ಮಾಮೂಲಿ ಹಾಡು ಅಂದ್ರೆ ಬಸ್ ಸ್ಟ್ಯಾಂಡಿಂದ ನೆಟ್ಟಗೆ ಮನೆಗೆ ಹೋಗೋದು. ಇದು ಹಾಗಲ್ಲ. ದಾರೀಲಿ ಸ್ನೇಹಿತರ ಮನೆ, ಅಲ್ಲಿಂದ ಆಸ್ಪತ್ರೆ, ಅಲ್ಲಿಂದ ಒಂದು ಗುಡ್ಡ ಹತ್ತಿ ಇಳಿದು, ಮನೆ ಮುಂದೆ ಬಂದು, ಬಾಗಿಲು ತಟ್ಟದೇನೇ ಇನ್ನೊಂದು ಸುತ್ತು ಹೊಡೆದು, ಆಮೇಲೆ ಒಳಗೆ ಹೋಗೋದು."

"ಅಷ್ಟರಲ್ಲಿ ಊಟ ಆರಿ ಹೋಗಿರುತ್ತಲ್ಲ ಅಳಿಯಂದ್ರೆ?" ಎಂದು ಅತ್ತೆ ಕೇಳಿದರು. ಅತ್ತೆ ಎಂದರೆ ಹೆಂಡತಿಯ ತಾಯಿ, ಮಗಳ ಮನೆಯಲ್ಲೇ ಇದ್ದವರು. ಸಂಗೀತ ಪ್ರಪಂಚ ಈ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದೆ.

ಚಾಳೀಸುವಿನ ತಂಡದಲ್ಲಿ ಮೂವರು. ಅವನು ಕೀಬೋರ್ಡು, ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಮಂದ್ರದ ಗುಡುಗು. ಡ್ರಮ್ ಬಾರಿಸುವವರು ಆಗಲೇ ಹೇಳಿದ ಹಲ್ಲಿನ ಡಾಕ್ಟರು. ಗಿಟಾರು ಹಿಡಿದು ಹಾಡುವವಳು ಶಾಲೆಯಲ್ಲಿ ಭೂಗೋಳ ಕಲಿಸುವ ಮೇಡಂ. ಹಾಡುಗಳೆಲ್ಲ ಚಾಳೀಸುವಿನ ಸ್ವಂತ ರಚನೆ, ಬಹುಪಾಲು ಏಳು ಎಣಿಕೆಯ ತಾಳದವು. ಆಲ್ಬಮ್ಮಿನ ಹೆಸರು 'ಹ್ರಸ್ವದೃಷ್ಟಿ'.

ಅದನ್ನು ರೆಕಾರ್ಡು ಮಾಡಿದವನು ಬಾಮೈದ, ಅಂದರೆ ಹೆಂಡತಿಯ ತಮ್ಮ. ಅವನು ಸಗಟು ಮೊಟ್ಟೆ ವ್ಯಾಪಾರಿ. ಮೊಟ್ಟೆಗೂ ಸಂಗೀತಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಅವನ ಹತ್ತಿರ ಉತ್ತರವಿತ್ತು. ಒಳ್ಳೆಯ ಸ್ಟುಡಿಯೋ ಗೋಡೆಗೆ ಸದ್ದು ಹೀರಿಕೊಳ್ಳುವ ಹೊದಿಕೆ ಬೇಕು. ಮೊಟ್ಟೆಯ ರಟ್ಟಿನ ತಟ್ಟೆ ಅದಕ್ಕೆ ಹೇಳಿ ಮಾಡಿಸಿದ್ದು. ಅಂಥ ತಟ್ಟೆಗಳು ಊರಿನಲ್ಲಿ ಯಾರ ಹತ್ತಿರವಾದರೂ ರಾಶಿ ಬಿದ್ದಿದ್ದರೆ ಅದು ತನ್ನ ಹತ್ತಿರ. ಈ ತರ್ಕದ ಬಲದ ಮೇಲೆ ಅವನು ಗೋದಾಮಿನ ಹಿಂದಿನ ಕೋಣೆಗೆ ನೆಲದಿಂದ ಸೂರಿನವರೆಗೆ ತಟ್ಟೆ ಅಂಟಿಸಿ, ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ಕೊಂಡು ತಂದು, ತಲೆಗೆ ಹೆಡ್‌ಫೋನು ಏರಿಸಿ ಕೂತಿದ್ದ. ಆಲ್ಬಮ್ಮಿನ ಮೇಲೆ 'ಧ್ವನಿಮುದ್ರಣ' ಎಂಬ ಪದದ ಪಕ್ಕ ಅವನ ಹೆಸರು ಚಾಳೀಸುವಿನ ಹೆಸರಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿಯೇ ಇತ್ತು. ಅದನ್ನು ಯಾರೂ ಎತ್ತಿ ಆಡಿರಲಿಲ್ಲ. ಮನೆಗೆ ಮೊಟ್ಟೆ ಪುಕ್ಕಟೆ ಬರುತ್ತಿತ್ತು.

ಎಲ್ಲ ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಪತ್ರಿಕೆಯಲ್ಲಿ ವಿಮರ್ಶೆ ಬಂತು.

ಮೊದಲನೆಯ ವಾಕ್ಯ ಹೀಗಿತ್ತು: "ಈ ಆಲ್ಬಮ್ಮಿನ ಸಂಯೋಜನೆಗಳು ರಾಜಠೀವಿಯವು, ಇಷ್ಟು ಗಟ್ಟಿಯಾದ ರಚನೆಗಳನ್ನು ಇತ್ತೀಚೆಗೆ ಕೇಳಿರಲಿಲ್ಲ."

ಎರಡನೆಯದು ಹೀಗಿತ್ತು: "ಆದರೆ ಧ್ವನಿಮುದ್ರಣ? ಅಂಥ ರಾಜನನ್ನು ಗೋಣಿಚೀಲದಲ್ಲಿ ಕಟ್ಟಿ ಹೊತ್ತು ತಂದಂತಿದೆ."

ಚಾಳೀಸು ಮೊದಲನೆಯ ವಾಕ್ಯವನ್ನು ಓದಿ ಎದ್ದು ನಿಂತ. ಎರಡನೆಯದನ್ನು ಓದಿ ಕೂತ. ಮತ್ತೆ ಮೊದಲನೆಯದನ್ನು ಓದಿ ಎದ್ದ. ಹೀಗೆ ಕೂತು ಎದ್ದು ಮಾಡಿ ಕೊನೆಗೆ ಎದ್ದಾಗಲೇ ಓದು ನಿಲ್ಲಿಸುವುದು ಕ್ಷೇಮವೆಂದು ತೋರಿತು. ಅಂಗಡಿಯ ಸಣ್ಣ ಕತ್ತರಿ ತಂದು, ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ, ಮೊದಲನೆಯ ವಾಕ್ಯವನ್ನಷ್ಟೇ ಕತ್ತರಿಸಿ ತೆಗೆದ. ಅದಕ್ಕೆ ಗಾಜು ಹಾಕಿ, ಚೌಕಟ್ಟು ಕೂರಿಸಿ, ಕಣ್ಣು ಪರೀಕ್ಷೆಯ ಅಕ್ಷರಪಟ್ಟಿಯ ಪಕ್ಕದಲ್ಲೇ ನೇತುಹಾಕಿದ. ಆ ದಿನ ಕುರ್ಚಿಯಲ್ಲಿ ಕೂತ ಗಿರಾಕಿಗಳೆಲ್ಲ ಪಟ್ಟಿಯ ಕೆಳಗಿನ ಸಾಲಿನ ಬದಲು ಅದನ್ನೇ ಓದಬೇಕಾಯಿತು. ಓದಲಾಗದಿದ್ದವರಿಗೆ ಓದಲಾಗುವವರೆಗೆ ಗಾಜು ಬದಲಿಸಲಾಯಿತು.

ಇಷ್ಟೆಲ್ಲ ಬುದ್ಧಿ ಓಡಿಸಿದವನು ಉಳಿದ ಪತ್ರಿಕೆಯನ್ನು ಮನೆಯ ಮೇಜಿನ ಮೇಲೇ ಬಿಟ್ಟಿದ್ದ. ಅಚ್ಚುಕಟ್ಟಾದ ಕಿಟಕಿಯಂಥ ತೂತು, ಅದರ ಕೆಳಗೆ ಸರಿಯಾಗಿ ಗೋಣಿಚೀಲ. ಬಾಮೈದ ಆ ಸಂಜೆ ಮೊಟ್ಟೆ ತಂದ. ತೂತು ಅವನ ಕಣ್ಣನ್ನು ಕೈಹಿಡಿದು ಕರೆದುಕೊಂಡು ಹೋಗಿ ಅಲ್ಲಿಗೇ ಬಿಟ್ಟಿತು.

ಅವನು ಓದಿದ. ಪತ್ರಿಕೆ ಎತ್ತಿ ತೂತಿನ ಮೂಲಕ ಗೋಡೆಯನ್ನು ನೋಡಿದ. "ಅಕ್ಕ, ಮೊಟ್ಟೆ ಇಲ್ಲಿಟ್ಟಿದೀನಿ" ಎಂದು ಹೇಳಿ ಹೊರಟ. ಚಹಾ ಕುಡಿಯಲಿಲ್ಲ. ಆ ಮನೆಯ ಇತಿಹಾಸದಲ್ಲಿ ಬಾಮೈದ ಚಹಾ ಕುಡಿಯದೆ ಹೋದದ್ದು ಅದೇ ಮೊದಲು.

ಮುಂದಿನ ವಾರ ಅವನು ಬರಲಿಲ್ಲ. ಮೊಟ್ಟೆಯೂ ಬರಲಿಲ್ಲ. ಗೋದಾಮಿನ ಹಿಂದಿನ ಕೋಣೆಗೆ ಬೀಗ ಬಿದ್ದಿದೆಯೆಂದು ಹಲ್ಲಿನ ಡಾಕ್ಟರು ಸುದ್ದಿ ತಂದರು. ಅಷ್ಟು ಹೊತ್ತಿಗೆ ಪತ್ರಿಕೆ ಮೊಟ್ಟೆ ಮಾರುಕಟ್ಟೆಯನ್ನೂ ಮುಟ್ಟಿತ್ತು. ಅಲ್ಲಿಯ ವ್ಯಾಪಾರಿಗಳು ಸಂಗೀತ ಕೇಳುವವರಲ್ಲ, ಆದರೆ ಗೋಣಿಚೀಲ ಏನೆಂದು ಚೆನ್ನಾಗಿ ಬಲ್ಲವರು. "ಏನು ಗೋಣಿಚೀಲ, ಇವತ್ತು ರೇಟು ಹೆಂಗೆ?" ಎಂದು ಬಾಮೈದನನ್ನು ಕೇಳತೊಡಗಿದರು.

ಅತ್ತೆ ಊಟದ ಮೇಜಿನ ಮುಂದೆ ಕೈಕಟ್ಟಿ ಕೂತರು.

"ಅಳಿಯಂದ್ರೆ, ನನ್ನ ಮಗ ಗೋಣಿಚೀಲಾನಾ?"

"ಅಲ್ಲ ಅತ್ತೆ."

"ಹಾಗಾದ್ರೆ ನೀವು ರಾಜಾನಾ?"

ಈ ಪ್ರಶ್ನೆಗೆ ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಚಾಳೀಸು ನೀರು ಕುಡಿದ.

"ಹೌದಂತೆ," ಎಂದಳು ಹೆಂಡತಿ. ಅವಳು ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂರುವವಳು. "ಈಜೋಕೆ ಬಂದೋರೆಲ್ಲ ನನ್ನ ಕಿಟಕಿಗೆ ಬಗ್ಗಿ 'ರಾಣಿ ಸಾಹೇಬ್ರೇ, ಎರಡು ಟಿಕೆಟ್' ಅಂತಾರೆ. ನನ್ನ ತಮ್ಮನ ಹೊಟ್ಟೆ ಉರಿಸಿ ನಂಗೇನೂ ರಾಣಿ ಆಗ್ಬೇಕಾಗಿಲ್ಲ. ಅವನು ರಾತ್ರಿ ಹಗಲು ಕೂತು ಮಾಡ್ಕೊಟ್ಟ. ನೀವು ನಿಮ್ಮ ಪಾಲು ಕತ್ತರಿಸ್ಕೊಂಡು ಅವನ ಪಾಲು ಮೇಜಿನ ಮೇಲೆ ಬಿಟ್ರಿ."

"ನಾನೇನು ಬರೆದ್ನಾ? ಬರೆದೋರು ಪತ್ರಿಕೆಯೋರು."

"ಹಾಗಾದ್ರೆ ಪತ್ರಿಕೆಯೋರ ಹತ್ರಾನೇ ಹೋಗಿ," ಎಂದರು ಅತ್ತೆ. "ಧ್ವನಿಮುದ್ರಣ ಚೆನ್ನಾಗಿದೆ ಅಂತ ತಿದ್ದುಪಡಿ ಹಾಕ್ಸಿ. ಅಲ್ಲೀವರೆಗೆ ಈ ಮನೇಲಿ ಯಾರೂ ಏಳು ಎಣಿಸಕೂಡದು."

ಪತ್ರಿಕೆಯ ಕಚೇರಿಯಲ್ಲಿ ತಿದ್ದುಪಡಿಗೆಂದೇ ಒಬ್ಬ ಅಧಿಕಾರಿಯಿದ್ದ. ಅವನ ಮೇಜಿನ ಮುಂದಿನ ಕುರ್ಚಿ ಬೇಕೆಂದೇ ಸ್ವಲ್ಪ ಕುಂಟುತ್ತಿತ್ತು. ಬಂದವರು ಬಹಳ ಹೊತ್ತು ಕೂರಬಾರದೆಂಬ ಉದ್ದೇಶ. ಚಾಳೀಸು ಒಂದು ಪಕ್ಕಕ್ಕೆ ವಾಲಿಕೊಂಡೇ ವಿಷಯ ತಿಳಿಸಿದ.

"ತಪ್ಪೇನಾಗಿದೆ ಹೇಳಿ," ಎಂದ ಅಧಿಕಾರಿ. "ಹೆಸರು ತಪ್ಪಾ, ವಯಸ್ಸು ತಪ್ಪಾ? ಬದುಕಿರೋರನ್ನ ಸತ್ತಿದಾರೆ ಅಂತ ಬರೆದಿದೀವಾ?"

"ಅದೇನಿಲ್ಲ. ಧ್ವನಿಮುದ್ರಣ ಚೆನ್ನಾಗಿಲ್ಲ ಅಂತ ಬರೆದಿದೀರಿ."

"ಅದು ಅಭಿಪ್ರಾಯ. ಅಭಿಪ್ರಾಯಕ್ಕೆ ತಿದ್ದುಪಡಿ ಇಲ್ಲ. ಸತ್ತೋರು ಬದುಕಿದ್ರೆ ಬನ್ನಿ, ಹಾಕೋಣ."

ಚಾಳೀಸು ಕುರ್ಚಿಯ ಇನ್ನೊಂದು ಪಕ್ಕಕ್ಕೆ ವಾಲಿದ. ದಾರಿಯಲ್ಲಿ ಬರುವಾಗ ಯೋಚಿಸಿಟ್ಟುಕೊಂಡಿದ್ದ ಎರಡನೆಯ ಉಪಾಯವನ್ನು ಹೊರತೆಗೆದ. "ಹೋಗ್ಲಿ ಬಿಡಿ. ಸಂಯೋಜನೇನೂ ಚೆನ್ನಾಗಿಲ್ಲ ಅಂತ ಹಾಕಿ. ಇಬ್ರಿಗೂ ಸರಿಸಮ ಆಗುತ್ತೆ."

"ಸಂಯೋಜನೆ ಯಾರದು?"

"ನನ್ನದೇ."

ಅಧಿಕಾರಿ ಪೆನ್ನು ಕೆಳಗಿಟ್ಟ. "ಅಂದ್ರೆ... ನಾವು ನಿಮ್ಮನ್ನ ಹೊಗಳಿದೀವಿ ಅಂತ ನೀವು ದೂರು ಕೊಡ್ತಾ ಇದೀರಾ?"

"ಹಾಗೇ ಅಂದ್ಕೊಳ್ಳಿ."

ಆ ಕುಂಟು ಕುರ್ಚಿಯಲ್ಲಿ ಮಂತ್ರಿಗಳು ಕೂತಿದ್ದರು, ನಟರು ಕೂತಿದ್ದರು, ಪತ್ರಿಕೆಯಲ್ಲಿ ಸತ್ತುಹೋಗಿದ್ದವರೂ ಬಂದು ಕೂತಿದ್ದರು. ಹೊಗಳಿಕೆ ವಾಪಸು ತೆಗೆದುಕೊಳ್ಳಿ ಎಂದು ಬಂದವರು ಯಾರೂ ಇರಲಿಲ್ಲ. ಅಧಿಕಾರಿ ಎದ್ದು ಹೋಗಿ ಪಕ್ಕದ ಕೋಣೆಯವರಿಗೆ ಹೇಳಿದ. ಅವರು ಬಾಗಿಲಲ್ಲಿ ಸಾಲಾಗಿ ನಿಂತು ಇಣುಕಿ ನೋಡಿದರು. ಕೊನೆಗೆ ಅವರಲ್ಲೇ ಒಬ್ಬರು ಕನಿಕರಪಟ್ಟು ವಿಮರ್ಶೆ ಬರೆದವರ ವಿಳಾಸ ಕೊಟ್ಟರು.

ವಿಮರ್ಶಕಿ ವಯಸ್ಸಾದ ಹೆಂಗಸು. ಇಡೀ ಉದ್ಯೋಗ ಜೀವನವನ್ನು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕಳೆದವರು. ಯಾವ ಗಾಡಿ ಎಷ್ಟನೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುತ್ತಿದ್ದವರು. ನಿವೃತ್ತಿಯ ನಂತರ ಸಂಗೀತದ ಬಗ್ಗೆ ಬರೆಯತೊಡಗಿದ್ದರು. ಮನೆಯಲ್ಲಿ ಎತ್ತ ನೋಡಿದರೂ ರೆಕಾರ್ಡು. ಕೂರಲು ಜಾಗ ಮಾಡಿಕೊಟ್ಟು, ಬಿಸ್ಕತ್ತಿನ ತಟ್ಟೆಯನ್ನು ಮುಂದಿಟ್ಟು, "ಹೇಳಿ" ಎಂದರು. ಆ ಧ್ವನಿ ಕೇಳಿದರೆ ಯಾರಿಗಾದರೂ ಪೆಟ್ಟಿಗೆ ಎತ್ತಿಕೊಂಡು ಓಡಬೇಕೆನಿಸುತ್ತಿತ್ತು.

"ಧ್ವನಿಮುದ್ರಣ ಅಷ್ಟೇನೂ ಕೆಟ್ಟದಾಗಿಲ್ಲ ಅಂತ ಒಂದು ಮಾತು..." ಎಂದು ಚಾಳೀಸು ಶುರು ಮಾಡಿದ.

"ಕೆಟ್ಟದಾಗಿದೆ," ಎಂದರು ವಿಮರ್ಶಕಿ. "ನಾನು ಇಷ್ಟು ವರ್ಷ ಹರಿದ ಸ್ಪೀಕರಿನಲ್ಲಿ ಮಾತಾಡಿದೀನಪ್ಪ. ಅರ್ಧ ಊರು ನನ್ನ ಮಾತು ಕೇಳಿ ಬೇರೆ ಗಾಡಿ ಹತ್ತಿದೆ. ಕೆಟ್ಟ ಸದ್ದು ಅಂದ್ರೆ ಏನು ಅಂತ ನಂಗೆ ಹೇಳಿಕೊಡಬೇಡಿ. ಗುಂಯ್ ಅನ್ನುತ್ತೆ, ದಡ್ ಅನ್ನುತ್ತೆ, ಯಾರೋ ಏನೋ ಎಳೆದ ಹಾಗೆ ಕೇಳುತ್ತೆ. ಅದರ ಅಡೀಲಿ ನಿಮ್ಮ ರಚನೆ ಕೂತಿದೆ, ಬಂಗಾರ ಇದ್ದ ಹಾಗೆ."

"ಬಂಗಾರ ಅಲ್ಲ ಮೇಡಂ," ಎಂದ ಚಾಳೀಸು ಅಳುಕುತ್ತ. "ಹಿತ್ತಾಳೆ. ಅಂಗಡೀಲಿ ಗಿರಾಕಿ ಇಲ್ದಾಗ ಸುಮ್ನೆ ಕೂರೋಕಾಗದೆ ಮಾಡಿದ್ದು. ಅದರಲ್ಲಿ ಏನೂ ಇಲ್ಲ. ಬೇರೆಯೋರ್ ಯಾರಾದ್ರೂ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ. ನಂಗೆ ತಾಳಾನೇ ಸರಿಯಾಗಿ ಬರಲ್ಲ. ದಯವಿಟ್ಟು ನನ್ನ ಬೈಯಿರಿ."

ವಿಮರ್ಶಕಿ ಬಿಸ್ಕತ್ತಿನ ತಟ್ಟೆಯನ್ನು ಅವನ ಹತ್ತಿರಕ್ಕೆ ಇನ್ನಷ್ಟು ಸರಿಸಿದರು. ಅವರ ಕಣ್ಣು ತೇವವಾದಂತೆ ಚಾಳೀಸುವಿಗೆ ಕಂಡಿತು. ಕೆಲಸ ಆಯಿತೆಂದು ಬಿಸ್ಕತ್ತು ತಿಂದು ಹಗುರವಾಗಿ ಮನೆಗೆ ಬಂದ. ಅತ್ತೆಗೆ, "ಮುಂದಿನ ವಾರ ನೋಡಿ" ಎಂದ.

ಮುಂದಿನ ವಾರ ನೋಡಿದರು. ಅರ್ಧ ಪುಟದ ಲೇಖನ. ತಲೆಬರಹ: 'ತನ್ನ ಬೆಳಕನ್ನೇ ಅರಿಯದ ದೀಪ'. ಇಂಥ ವಿನಯವಂತ ಸಂಯೋಜಕನನ್ನು ತಾನು ಜೀವಮಾನದಲ್ಲಿ ಕಂಡಿಲ್ಲವೆಂದೂ, ತನ್ನನ್ನು ಬೈಯಿರಿ ಎಂದು ಕೈಮುಗಿದು ಬೇಡಿಕೊಂಡನೆಂದೂ, ಕೆಟ್ಟ ಧ್ವನಿಮುದ್ರಣದ ತಪ್ಪನ್ನು ಕೂಡ ತನ್ನ ಮೈಮೇಲೆ ಎಳೆದುಕೊಳ್ಳಲು ನೋಡಿದನೆಂದೂ ವಿಮರ್ಶಕಿ ಬರೆದಿದ್ದರು. ಕೊನೆಯ ಸಾಲು: "ಗೋಣಿಚೀಲದೊಳಗಿಂದಲೂ ನಗಬಲ್ಲವನೇ ನಿಜವಾದ ರಾಜ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಚಾಳೀಸು ಈ ಸಲ ಕತ್ತರಿಯನ್ನು ಮುಟ್ಟಲಿಲ್ಲ. ಇಡೀ ಪತ್ರಿಕೆಯನ್ನೇ ಬಚ್ಚಿಡಲು ನೋಡಿದ. ಆದರೆ ಮಹಡಿಯ ಮನೆಯವರು ಒಂದು ಪ್ರತಿ ತಂದು ಕೊಟ್ಟರು, ಎದುರು ಮನೆಯವರು ಇನ್ನೊಂದು ತಂದರು, ಕೊನೆಗೆ ಪತ್ರಿಕೆ ಹಾಕುವವನೇ ಅಭಿಮಾನದಿಂದ ಎರಡು ಹೆಚ್ಚು ಎಸೆದು ಹೋದ. ಅಂಗಡಿಗೆ ಕಣ್ಣು ಸರಿಯಿದ್ದವರೆಲ್ಲ ಬರತೊಡಗಿದರು. ವಿನಯ ನೋಡಲು ಬಂದವರು. "ಸಾರ್, ಒಂದ್ಸಲ ನಿಮ್ಮನ್ನ ನೀವೇ ಬೈಕೊಳ್ಳಿ, ಕೇಳೋಣ" ಎಂದು ಒಬ್ಬ ಗಿರಾಕಿ ಕೈಮುಗಿದ.

ಹೆಂಡತಿ ಪತ್ರಿಕೆ ಮಡಿಸಿಟ್ಟು ಹೇಳಿದಳು, "ಸಂಧಾನಕ್ಕೆ ಅಂತ ಹೋಗಿ ಕಿರೀಟ ಹಾಕಿಸ್ಕೊಂಡು ಬಂದಿದೀರಿ."

ಅತ್ತೆ ಮಗನ ಮನೆಗೆ ಹೋಗುತ್ತೇನೆಂದು ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅದು ಗೋಣಿಚೀಲವೇ ಆಗಿದ್ದುದು ಬೇಕೆಂದು ಮಾಡಿದ್ದೋ ಕೈಗೆ ಸಿಕ್ಕಿದ್ದೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇತ್ತ ತಂಡದಲ್ಲೂ ಬಿಸಿ ಏರಿತು. ಹಲ್ಲಿನ ಡಾಕ್ಟರೂ ಭೂಗೋಳದ ಮೇಡಮ್ಮೂ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡರು.

"ಎರಡು ಲೇಖನ ಬಂತು, ನನ್ನ ಡ್ರಮ್ಮಿನ ಬಗ್ಗೆ ಒಂದಕ್ಷರ ಇಲ್ಲ," ಎಂದರು ಡಾಕ್ಟರು. "ಯಾಕೆ? ಕೇಳ್ಸಿಲ್ಲ, ಅದಕ್ಕೆ."

"ನಾನು ಹಾಡಿದ್ರಲ್ಲಿ ಒಂದು ಪದಾನೂ ಅರ್ಥ ಆಗ್ಲಿಲ್ಲ ಅಂತ ನನ್ನ ತರಗತಿ ಮಕ್ಕಳೇ ಹೇಳ್ತಾರೆ," ಎಂದಳು ಮೇಡಂ.

"ಅದಕ್ಕೇ ನಾನೊಂದು ವ್ಯವಸ್ಥೆ ಮಾಡಿದೀನಿ," ಎಂದರು ಡಾಕ್ಟರು. " ದೊಡ್ಡ ಸ್ಟುಡಿಯೋ. ಗಾಜಿನ ಗೋಡೆ, ನೆಲಕ್ಕೆ ಮರ. ಯಜಮಾನ ನನ್ನ ಪೇಷಂಟು. ಒಂದು ದಿನ ಪುಕ್ಕಟೆ ಕೊಡ್ತಾನೆ."

"ಒಪ್ಕೊಂಡ್ರಾ?"

"ಬಾಯಿ ತೆರೆಸಿ ಚಿಮಟ ಒಳಗಿಟ್ಟಾಗ ಕೇಳ್ದೆ. 'ಆಆ' ಅಂದ. ಒಪ್ಪಿಗೆ ಅಂತ ತಿಳ್ಕೊಂಡೆ."

ಚಾಳೀಸು ಆರಕ್ಕೇರದೆ ಮೂರಕ್ಕಿಳಿಯದೆ ಕೂತ. ಬಾಮೈದನ ಬೆನ್ನ ಹಿಂದೆ ಬೇರೆ ಕಡೆ ರೆಕಾರ್ಡು ಮಾಡುವುದೆಂದರೆ ಉರಿಯುವ ಬೆಂಕಿಗೆ ಎಣ್ಣೆ. ಆದರೆ ಅವನು ಎಷ್ಟೋ ವರ್ಷ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಗಾಜಿನ ಮೇಜಿನ ಮೇಲೆ ಬೆರಳಾಡಿಸುತ್ತ ಕಟ್ಟಿದ ಹಾಡುಗಳವು. ಒಂದೇ ಒಂದು ಸಲ, ಗುಂಯ್ ಎನ್ನದೆ, ದಡ್ ಎನ್ನದೆ, ತಲೆಯೊಳಗೆ ಕೇಳಿದ ಹಾಗೆಯೇ ಹೊರಗೂ ಕೇಳಿದರೆ? ಆಸೆ ಗೆದ್ದಿತು. ಮನೆಯಲ್ಲಿ ಲೆನ್ಸ್ ತರಲು ಹೋಗುತ್ತೇನೆಂದು ಹೇಳಿ ಹೊರಟ.

ಸ್ಟುಡಿಯೋ ಯಜಮಾನ ಎಡಗೆನ್ನೆ ಊದಿಸಿಕೊಂಡು ಗಾಜಿನ ಆಚೆ ಕೂತಿದ್ದ. ಹಲ್ಲು ಕಿತ್ತು ಎರಡು ದಿನವೂ ಆಗಿರಲಿಲ್ಲವಾದ್ದರಿಂದ ಬಾಯಿಯ ಒಂದು ಮೂಲೆಯಿಂದ ಮಾತ್ರ, ಅದೂ ತೀರಾ ಅಗತ್ಯವಿದ್ದಾಗ ಮಾತ್ರ, ಮಾತಾಡುತ್ತಿದ್ದ. ಮೂವರೂ ಮೈಮರೆತು ಬಾರಿಸಿದರು. ಚಾಳೀಸು ಎಂದಿನಂತೆ ಕಣ್ಣು ಮುಚ್ಚಿಕೊಂಡಿದ್ದ. ಮುಗಿದಾಗ ಮೂವರ ಮುಖದಲ್ಲೂ ಬೆವರು, ಬೆವರಿನ ಮೇಲೆ ನಗು.

ಯಜಮಾನ ಬಟನ್ ಒತ್ತಿ ಕೇಳಿಸಿದ.

ಎಂಥ ಧ್ವನಿ! ತೊಳೆದ ಗಾಜಿನ ಹಾಗಿತ್ತು. ಎಲ್ಲವೂ ಕೇಳುತ್ತಿತ್ತು. ಎಲ್ಲವೂ ಎಂದರೆ ಎಲ್ಲವೂ.

ಸ್ವಲ್ಪ ಹೊತ್ತಿಗೆ ಯಜಮಾನ ನಿಲ್ಲಿಸಿ, ಬಾಯಿಯ ಮೂಲೆಯಿಂದ ಚಾಳೀಸುವನ್ನು ಕೇಳಿದ. "ನಿಮ್ಮ ಎಡಗೈ, ಏಳನೇ ಎಣಿಕೇಲಿ ತಡವಾಗಿ ಬರ್ತಿದೆ. ಸ್ಟೈಲಾ?"

"ಹೂಂ. ಸ್ಟೈಲು."

"ಒಂದೊಂದ್ಸಲ ಮುಂಚೆನೇ ಬರ್ತಿದೆ."

"ಅದೂ ಸ್ಟೈಲು."

"ಇಲ್ಲಿ ಬಂದೇ ಇಲ್ಲ."

ಚಾಳೀಸು ಎಡಗೈಯನ್ನು ಜೇಬಿಗೆ ಹಾಕಿಕೊಂಡ. ಹಾಡು ಮುಂದುವರಿಯಿತು. ಡಾಕ್ಟರ ಡ್ರಮ್ಮು ಪ್ರತಿ ಹಾಡಿನ ಕೊನೆಯಲ್ಲೂ ದಾಪುಗಾಲು ಹಾಕಿ ಉಳಿದಿಬ್ಬರನ್ನೂ ಹಿಂದೆ ಬಿಟ್ಟು ಓಡುತ್ತಿತ್ತು. ಅದು ವೃತ್ತಿಯ ಅಭ್ಯಾಸ. ನೋವು ಬೇಗ ಮುಗಿಯಲೆಂದು ಕೊನೆಯ ಎಳೆತವನ್ನು ಜೋರು ಮಾಡುವುದು. ಇನ್ನು ಮೇಡಮ್ಮಿನ ಗುಟ್ಟು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಸಾಲು ಮರೆತ ಕಡೆಯಲ್ಲೆಲ್ಲ ಆಕೆ ಖಂಡಗಳ ಹೆಸರು ಹಾಡುತ್ತಿದ್ದಳು. ವಿರಹದ ಚರಣದ ನಟ್ಟನಡುವೆ 'ಅಂಟಾರ್ಕ್ಟಿಕಾ' ಎಂಬುದು ಸ್ಪಷ್ಟವಾಗಿ, ಬಹಳ ಭಾವಪೂರ್ಣವಾಗಿ ಕೇಳಿಸಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಈ ಸ್ಟುಡಿಯೋ ಸರಿಯಿಲ್ಲ," ಎಂದರು ಡಾಕ್ಟರು ಕೊನೆಗೆ.

ಚಾಳೀಸು ಚೀಲದಿಂದ 'ಹ್ರಸ್ವದೃಷ್ಟಿ'ಯನ್ನು ತೆಗೆದು ಯಜಮಾನನ ಕೈಗೆ ಕೊಟ್ಟ. "ಇದನ್ನೊಂದ್ಸಲ ಹಾಕಿ." ಆ ದೊಡ್ಡ ಸ್ಪೀಕರುಗಳಲ್ಲಿ ಅವನು ತನ್ನ ಆಲ್ಬಮ್ಮನ್ನು ಮೊದಲ ಬಾರಿಗೆ ಕಣ್ಣು ತೆರೆದುಕೊಂಡು ಕೇಳಿದ. ಎರಡನೆಯ ಹಾಡಿನಲ್ಲಿ ಏಳನೆಯ ಎಣಿಕೆ ಹತ್ತಿರ ಬಂದೊಡನೆ ಗೋದಾಮಿನಲ್ಲಿ ಮೊಟ್ಟೆ ಇಡುವ ಶೀತಲ ಕೋಣೆಯ ಕಂಪ್ರೆಸರ್ ಗುಂಯ್ ಎಂದಿತು. ಎಣಿಕೆ ದಾಟಿದೊಡನೆ ಸುಮ್ಮನಾಯಿತು. ವಿರಹದ ಚರಣದಲ್ಲಿ ಯಾರೋ ಮೊಟ್ಟೆಯ ತಟ್ಟೆಗಳ ರಾಶಿಯನ್ನು ಸರಕ್ಕನೆ ಎಳೆದರು. ಅಂಟಾರ್ಕ್ಟಿಕಾ ಅದರಡಿ ಮುಳುಗಿತು. ಪ್ರತಿ ಹಾಡಿನ ಕೊನೆಯಲ್ಲಿ, ಡ್ರಮ್ಮು ಹಗ್ಗ ಕಿತ್ತುಕೊಳ್ಳುವ ಹೊತ್ತಿಗೆ ಸರಿಯಾಗಿ, ಗೋದಾಮಿನ ಶಟರ್ ದಡ್ ಎಂದು ಬಿತ್ತು. ತಪ್ಪಾದ ಕಡೆಯಲ್ಲೆಲ್ಲ ಯಾರೋ ಓಡಿಬಂದು ದೀಪ ಆರಿಸಿದ್ದರು. ಒಂದು ಕಡೆಯೂ ಬಿಟ್ಟಿರಲಿಲ್ಲ.

ಚಾಳೀಸು ಅಲ್ಲಿಂದ ನೇರವಾಗಿ ಗೋದಾಮಿಗೆ ಹೋದ.

ಬಾಮೈದ ಕತ್ತಲು ಮಾಡಿದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಒಂದೊಂದೇ ಮೊಟ್ಟೆಯನ್ನು ಬಲ್ಬಿನ ಮುಂದೆ ಹಿಡಿದು ನೋಡುತ್ತಿದ್ದ. ಒಳಗೆ ಕೆಟ್ಟಿದ್ದರೆ ಬೆಳಕಿಗೆ ಕಪ್ಪು ಚುಕ್ಕೆ ಕಾಣುತ್ತದೆ. ಭಾವನನ್ನು ಕಂಡು ಏಳಲಿಲ್ಲ, ಆದರೆ ಕಾಲಿನಿಂದ ಇನ್ನೊಂದು ಸ್ಟೂಲನ್ನು ಮುಂದಕ್ಕೆ ತಳ್ಳಿದ.

"ಕಂಪ್ರೆಸರ್ ಸ್ವಿಚ್ಚು ನೀನೇ ಹಾಕಿದ್ಯಾ?" ಎಂದು ಚಾಳೀಸು ಕೇಳಿದ.

ಬಾಮೈದ ಮೊಟ್ಟೆ ತಿರುಗಿಸಿ ನೋಡಿದ. "ಯಾವಾಗ?"

"ಎರಡನೇ ಹಾಡಲ್ಲಿ. ಏಳನೇ ಎಣಿಕೆಗೆ."

"ನಿಮ್ಮ ಎಡಗೈ ಏಳನೇ ಎಣಿಕೆಗೆ ಯಾವತ್ತು ಬಂದಿದೆ ಭಾವ?"

"ಹೇಳಬೋದಿತ್ತಲ್ಲ."

"ಹೆಂಗೆ ಹೇಳೋದು? ಕಣ್ಣು ಮುಚ್ಕೊಂಡು ಬಾರಿಸ್ತಾ ಇದ್ರಿ. ಆ ಮುಖ ನೋಡಿದ್ರೆ ಯಾರಿಗೂ ನಿಲ್ಸಿ ಅನ್ನೋಕೆ ಮನಸ್ಸು ಬರ್ತಿರಲಿಲ್ಲ. ಮದುವೆ ದಿನಾನೂ ನೀವು ಅಷ್ಟು ಖುಷಿಯಾಗಿರಲಿಲ್ಲ. ಅಕ್ಕಂಗೆ ಹೇಳ್ಬೇಡಿ." ಮೊಟ್ಟೆಯನ್ನು ತಟ್ಟೆಗಿಟ್ಟು ಇನ್ನೊಂದನ್ನು ಎತ್ತಿಕೊಂಡ. "ಹಾಡು ಚೆನ್ನಾಗಿತ್ತು. ಬಾರಿಸೋದು ಮಾತ್ರ ಹಂಗಿತ್ತು. ಏನು ಮಾಡೋದು? ಒಂದು ಕೈ ಸ್ವಿಚ್ಚಿನ ಮೇಲೆ, ಒಂದು ಕೈ ತಟ್ಟೆ ಮೇಲೆ, ಶಟರಿಗೆ ಹಗ್ಗ ಕಟ್ಟಿ ಕಾಲಿಗೆ ಸಿಕ್ಕಿಸ್ಕೊಂಡಿದ್ದೆ. ನಿಮಗಿಂತ ಜಾಸ್ತಿ ನಾನೇ ಬಾರಿಸಿದೀನಿ."

"ಮತ್ತೆ ಆ ಪತ್ರಿಕೆಯೋರು ಬರೆದಿದ್ದಕ್ಕೆ ಕೋಪ ಮಾಡ್ಕೊಂಡು..."

"ಅವರ ಮೇಲೆ ನಂಗ್ಯಾಕೆ ಕೋಪ? ಸರಿಯಾಗೇ ಬರೆದಿದಾರೆ. ಆದ್ರೆ ಒಂದು ವಿಷಯ ಅವರಿಗೆ ಗೊತ್ತಾಗಿಲ್ಲ. ರಾಜ ಬರೀ ಮೈಲಿದ್ದ. ಗೋಣಿಚೀಲ ಹೊದಿಸಿದ್ದು ನಾನು."

ಚಾಳೀಸು ಬಲ್ಬನ್ನು ನೋಡುತ್ತ ಕೂತ. "ಹಾಗಾದ್ರೆ ಮನೆಗೆ ಯಾಕೆ ಬರಲಿಲ್ಲ?" ಎಂದ.

"ಕತ್ತರಿ," ಎಂದ ಬಾಮೈದ. ಆಮೇಲೆ ಸ್ವಲ್ಪ ಬಿಡಿಸಿ ಹೇಳಿದ. "ಇಡೀ ವಿಮರ್ಶೆ ಗೋಡೆಗೆ ಹಾಕಿದ್ರೆ ನಾನೂ ಒಂದು ಪ್ರತಿ ತಂದು ಇಲ್ಲಿ ಹಾಕ್ತಿದ್ದೆ. ನಮ್ಮಿಬ್ಬರದ್ದೂ ಒಟ್ಟಿಗೆ ಪೇಪರಲ್ಲಿ ಬಂದಿದೆ ಅಂತ. ಬೈಗುಳ ಆದ್ರೇನು, ಪೇಪರು ಪೇಪರೇ ಅಲ್ವಾ? ನೀವು ಅಷ್ಟು ನೀಟಾಗಿ ನನ್ನ ಬಿಟ್ಟು ಕತ್ತರಿಸಿದ್ರಲ್ಲ, ಅದು ನೋಡಿ ಚಹಾ ಬೇಡ ಅನ್ನಿಸ್ತು."

ತಿದ್ದುಪಡಿ ಅಧಿಕಾರಿ, ವಿಮರ್ಶಕಿ, ಸ್ಟುಡಿಯೋ ಯಜಮಾನ, ಇಷ್ಟು ಜನರ ಹತ್ತಿರ ಅಲೆದವನು ಹೋಗಬೇಕಾಗಿದ್ದ ಒಂದೇ ಜಾಗಕ್ಕೆ ಎಲ್ಲಕ್ಕಿಂತ ಕೊನೆಗೆ ಬಂದಿದ್ದ. ಚಾಳೀಸುವಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಆದ್ದರಿಂದ ತಟ್ಟೆಯಿಂದ ಒಂದು ಮೊಟ್ಟೆ ಎತ್ತಿಕೊಂಡು, ಬಲ್ಬಿನ ಮುಂದೆ ಹಿಡಿದು, "ಇದು ಚೆನ್ನಾಗಿದೆಯಾ?" ಎಂದ.

"ಚೆನ್ನಾಗಿದೆ."

"ಇದು?"

"ಅದು ಸ್ವಲ್ಪ ಹಳೇದು. ಆದ್ರೂ ನಡೆಯುತ್ತೆ, ಇಡಿ."

ಹೀಗೆ ಎರಡು ತಟ್ಟೆ ಮುಗಿಯುವ ಹೊತ್ತಿಗೆ ಕ್ಷಮೆ ಕೇಳಿದ್ದೂ ಆಯಿತು, ಕೊಟ್ಟಿದ್ದೂ ಆಯಿತು. ಬಾಮೈದ ಅಕ್ಕನ ಮನೆಗೆಂದು ಮೊಟ್ಟೆ ಕಟ್ಟಿಕೊಂಡು ಜೊತೆಗೇ ಹೊರಟ.

ಮನೆಯಲ್ಲಿ ಅತ್ತೆಯ ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು. ಎರಡು ದಿನದಿಂದ ಅವರು ಹೊರಡುತ್ತಲೇ ಇದ್ದರು. ಮಗ ಚಹಾದ ಲೋಟ ಕೈಗೆತ್ತಿಕೊಂಡದ್ದನ್ನು ನೋಡಿದ ಮೇಲೆ ಅವರ ಮುಖ ಸಡಿಲವಾಯಿತು. ಚಾಳೀಸು ಗಂಟಲು ಸರಿಮಾಡಿಕೊಂಡು, ಯಾರೂ ಕೇಳದೆಯೇ, ಜೀವನದಲ್ಲಿ ಎರಡನೆಯ ಬಾರಿಗೆ ತಾನಾಗಿ ಒಂದು ತೀರ್ಮಾನ ಮಾಡಿದ.

"ಅತ್ತೆ, ಧ್ವನಿಮುದ್ರಣದಲ್ಲಿ ತಪ್ಪಿಲ್ಲ. ತಪ್ಪಿರೋದು ನನ್ನ ಎಡಗೈಯಲ್ಲಿ. ಇವನು ಅದನ್ನ ಮುಚ್ಚಿದಾನೆ ಅಷ್ಟೆ. ನಾಳೆ ಮಾರುಕಟ್ಟೆಗೆ ಹೋಗಿ ಎಲ್ರಿಗೂ ಹೇಳ್ತೀನಿ."

"ಬೇಡ ಭಾವ," ಎಂದ ಬಾಮೈದ. "ಗೋಣಿಚೀಲ ಅಂದ್ರೆ ಅಂದ್ಕೊಳ್ಳಿ. ಹೆಸರು ಎಲ್ರಿಗೂ ನೆನಪಿರುತ್ತೆ. ಈ ವಾರ ವ್ಯಾಪಾರಾನೂ ಚೆನ್ನಾಗಾಗಿದೆ."

"ನಿಮ್ಮ ಎಡಗೈ ವಿಷಯ ನಂಗೆ ಮದುವೆ ದಿನಾನೇ ಗೊತ್ತಿತ್ತು," ಎಂದರು ಅತ್ತೆ. "ಸಹಿ ಹಾಕೋವಾಗ ಮಸಿ ಚೆಲ್ಲಿದ್ರಿ." ಎದ್ದು ಚೀಲದಿಂದ ಸೀರೆ ತೆಗೆದು ಒಳಗೆ ಇಡಲು ಹೋದರು. ಹೆಂಡತಿ ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಚಾಳೀಸು ಇಣುಕಿ ನೋಡಿದ. ನಗುತ್ತಿದ್ದಳು.

ಅಂದಿನಿಂದ ಅಂಗಡಿ ತೆರೆಯುವ ಮುಂಚೆ ದಿನವೂ ಚಾಳೀಸು ಗೋದಾಮಿನ ಹಿಂದಿನ ಕೋಣೆಗೆ ಹೋಗತೊಡಗಿದ. ಹಲ್ಲಿನ ಡಾಕ್ಟರಿಗೂ ಮೇಡಮ್ಮಿಗೂ ಹೇಳಿರಲಿಲ್ಲ. ಬಾಮೈದ ಖಾಲಿ ತಟ್ಟೆಯೊಂದನ್ನು ಮಗುಚಿ ಹಾಕಿಕೊಂಡು ಅದರ ಉಬ್ಬುಗಳ ಮೇಲೆ ಬೆರಳಿನಿಂದ ಏಳು ಎಣಿಸುತ್ತಿದ್ದ. ಚಾಳೀಸು ಎಡಗೈಯೊಂದರಿಂದಲೇ ಬಾರಿಸುತ್ತಿದ್ದ. ಆರರವರೆಗೆ ಬಂದು ಎಡವುತ್ತಿದ್ದ.

"ಇನ್ನೊಂದ್ಸಲ," ಎನ್ನುತ್ತಿದ್ದ ಬಾಮೈದ.

ಆರಕ್ಕೇ ಮತ್ತೆ ಎಡವುತ್ತಿದ್ದ.

"ಇನ್ನೊಂದ್ಸಲ. ಕಣ್ಣು ಬಿಟ್ಕೊಂಡು."

ಹೀಗೆ ಎಷ್ಟೋ ಬೆಳಿಗ್ಗೆಗಳು ಹೋದವು. ಒಂದು ಬೆಳಿಗ್ಗೆ ಕಂಪ್ರೆಸರ್ ನಿಂತಿತ್ತು, ಶಟರ್ ಮೇಲಿತ್ತು, ಮೊಟ್ಟೆಯ ಗಾಡಿ ಇನ್ನೂ ಬಂದಿರಲಿಲ್ಲ. ಚಾಳೀಸು ಎರಡನೆಯ ಹಾಡನ್ನು ಎರಡೂ ಕೈಯಲ್ಲಿ ಹಿಡಿದ. ಎಡಗೈ ಏಳನೆಯ ಎಣಿಕೆಗೆ ಬಂತು. ಮತ್ತೆ ಬಂತು. ಗುಡ್ಡ ಹತ್ತಿತು, ಇಳಿಯಿತು, ಆಸ್ಪತ್ರೆ ದಾಟಿತು, ಒಂದು ಸಲವೂ ತಪ್ಪಲಿಲ್ಲ. ಬಾಮೈದನ ಬೆರಳು ತಟ್ಟೆಯ ಮೇಲೆ ನಿಂತೇಹೋಯಿತು. ಕೊನೆಯ ಸ್ವರ ಮೊಟ್ಟೆ ತಟ್ಟೆಗಳ ಗೋಡೆಯೊಳಗೆ ಇಂಗಿ ಹೋಗುವವರೆಗೆ ಇಬ್ಬರೂ ಉಸಿರು ಬಿಡಲಿಲ್ಲ.

"ಬಂತಲ್ಲ ಭಾವ!" ಎಂದ ಬಾಮೈದ.

"ಬಂತು," ಎಂದ ಚಾಳೀಸು. "ಹೇಗೆ ಬಂತು ಅಂತ ಕೇಳ್ಬೇಡ, ಇನ್ನೊಂದ್ಸಲ ಬರಲ್ಲ. ಎಲ್ಲಿ, ಹಾಕು, ಕೇಳೋಣ."

"ಏನು ಹಾಕೋದು?"

"ರೆಕಾರ್ಡು."

ಬಾಮೈದ ಯಂತ್ರದ ಕಡೆ ನೋಡಿದ. ಚಾಳೀಸುವೂ ನೋಡಿದ. ಅದರ ಕೆಂಪು ದೀಪ ಆರಿತ್ತು. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಗೋಡೆಯ ಸಾಕೆಟ್ಟಿನಲ್ಲಿ ಅದರ ಬದಲು ಚಹಾ ಕಾಯಿಸುವ ಕೆಟಲಿನ ಪ್ಲಗ್ಗು ಇತ್ತು, ನೀರು ಕುದಿಯತೊಡಗಿತ್ತು.